ಉಸಿರಿನ ಸಿಲಿಂಡರಿಗೆ ಎಣ್ಣೆ ಹಚ್ಚಿದ ದುಂಡಪ್ಪ

ಮಳೆ ನಿಂತು ನವರಾತ್ರಿ ಬಂತೆಂದರೆ ಖಾನಾಪುರದ ಸೀಮೆಯಲ್ಲಿ ಉಬ್ಬಸದ ಮುದುಕರಿಗೆ ಕಷ್ಟದ ದಿನಗಳು. ಬೆಳಗಿನ ತಂಪು ನೇರ ಎದೆಗೇ ಇಳಿಯುತ್ತದೆ. ಎಂಬತ್ತಮೂರನೇ ಇಸವಿಯಲ್ಲಿ ಬೀಡಿ ಊರಿನ ಶಿವಬಸವ್ವನಿಗೂ ಹಾಗೇ ಆಯಿತು. ಮಗ ದುಂಡಪ್ಪ ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಅಚ್ಚು ಹಾಕುವವನು. ರಜೆ ಹಾಕಿ ಬಂದು ತಾಯಿಯನ್ನು ಖಾನಾಪುರದ ಧರ್ಮಾರ್ಥ ಆಸ್ಪತ್ರೆಯೊಂದರ ವೃದ್ಧರ ವಾರ್ಡಿಗೆ ಸೇರಿಸಿದ.

ಸೇರಿಸಿದ, ಆದರೆ ನಂಬಲಿಲ್ಲ. ವಾರ್ಡಿನ ಮೂಲೆಯಲ್ಲಿ ಎರಡು ಆಕ್ಸಿಜನ್ ಸಿಲಿಂಡರ್ ಇದ್ದವು. ದೊಡ್ಡದು ತಳ್ಳುವ ಗಾಡಿಯ ಮೇಲೆ ನಿಂತಿತ್ತು. ಸಣ್ಣದಕ್ಕೆ ಬಿಳಿ ಬಟ್ಟೆ ಹೊದಿಸಿತ್ತು.

"ಆ ಸಣ್ಣದರ ಮ್ಯಾಲೆ ಅರಿವಿ ಯಾಕ ಹೊಚ್ಚ್ಯಾರ ಯವ್ವಾ? ದೊಡ್ಡ ಮಂದಿ ಬಂದ್ರ ಬೇಕು ಅಂತ ಬಚ್ಚಿಟ್ಟಿರಬೇಕು."

"ನನಗಂತೂ ಆ ಮೂಗಿನ ನಳಿಗಿ ಬ್ಯಾಡೋ ತಮ್ಮಾ. ಇದ್ದ ಉಸರೂ ಎಳಕೊಂಡೀತು," ಎಂದಳು ಶಿವಬಸವ್ವ.

ಅದನ್ನು ಕೇಳಿಸಿಕೊಂಡ ನರ್ಸ್ ಕುಮುದಿನಿ ನಕ್ಕಳು. "ಎಳಕೊಳ್ಳೂದಿಲ್ಲ ಆಯಿ, ಕೊಡತೈತಿ."

ದುಂಡಪ್ಪ ನಗಲಿಲ್ಲ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಬಂತು. ಪ್ರತಿ ವರ್ಷ ಆ ದಿನ ಫೌಂಡ್ರಿಯಲ್ಲಿ ಅವನು ಯಂತ್ರ ತೊಳೆದು, ಎಣ್ಣೆ ಬಿಟ್ಟು, ವಿಭೂತಿ ಹಚ್ಚುತ್ತಿದ್ದ. ದುಡಿದ ಕೈಗೆ ಅದೊಂದು ಸಮಾಧಾನ. ಈ ವರ್ಷ ಅವನ ಮುಂದೆ ಇದ್ದದ್ದು ದೊಡ್ಡ ಸಿಲಿಂಡರ್ ಒಂದೇ. ತಿರುಗಿಸುವ ಕೀಲಿ ಬಿಗಿಯಾಗಿತ್ತು, ಕಿರ್ ಅನ್ನುತ್ತಿತ್ತು. 'ಮಂದಿಗೆ ಉಸುರು ಕೊಡೂ ವಸ್ತು, ಇದಕ್ಕ ಒಂದು ಹೂವೂ ಇಲ್ಲ' ಅಂದುಕೊಂಡ. ಎದುರಿನ ಸೈಕಲ್ ಅಂಗಡಿಯಿಂದ ಮಶೀನ್ ಎಣ್ಣೆ ತಂದ. ಕೀಲಿಗೂ ಅದರ ತಿರುಪಿಗೂ ಚೆನ್ನಾಗಿ ಬಿಟ್ಟು ಒರೆಸಿದ. ಮೂರು ಎಳೆ ವಿಭೂತಿ ಎಳೆದು, ಚೆಂಡುಹೂವು ಏರಿಸಿ, ಕೈ ಮುಗಿದ.

ಮಧ್ಯಾಹ್ನ ಶಿವಬಸವ್ವನಿಗೆ ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತು. ಕುಮುದಿನಿ ಓಡಿಬಂದು ದೊಡ್ಡ ಸಿಲಿಂಡರಿನ ಕೀಲಿಗೆ ಕೈ ಹಾಕಿದಳು. ಬೆರಳು ಜಾರಿತು. ಮೂಗಿನ ಹತ್ತಿರ ಹಿಡಿದು ನೋಡಿದಳು.

"ಇದಕ್ಕ ಎಣ್ಣಿ ಯಾರು ಹಚ್ಚಿದ್ರು?"

"ನಾನ ರೀ. ಇವತ್ತ ಖಂಡೇಪೂಜಿ ಅಲ್ಲೇನ್ರಿ?"

ಅವಳು ಕೂಡಲೇ ಸಾಬೂನು ಹಚ್ಚಿ ಕೈ ತೊಳೆಯತೊಡಗಿದಳು. ದುಂಡಪ್ಪನಿಗೆ ತಲೆ ಕೆಟ್ಟಿತು.

"ನಮ್ಮವ್ವ ಇಲ್ಲಿ ಸಾಯಾಕತ್ಯಾಳ, ನೀವು ಕೈ ತೊಳಕೋತ ನಿಂತೀರಿ! ದೊಡ್ಡದು ತುಂಬಿ ನಿಂತೈತಿ. ಯಾರಿಗೆ ಉಳಸಾಕತ್ತೀರಿ ಬಾಯಾರ? ನಾನ ಬಿಚ್ಚತೀನಿ, ಸರೀರಿ."

ಕುಮುದಿನಿ ಅಡ್ಡ ನಿಂತಳು. "ದುಂಡಪ್ಪಾರ, ನಿಮ್ಮ ಫೌಂಡ್ರ್ಯಾಗ ಗ್ಯಾಸಿನಿಂದ ಕಬ್ಬಿಣ ಕತ್ತರಸವ್ರು ಇದ್ದಾರಿಲ್ಲ? ಅವ್ರು ಎಣ್ಣಿ ಕೈಲೆ ಸಿಲಿಂಡರ್ ಮುಟ್ಟತಾರೇನು?"

ದುಂಡಪ್ಪನ ಕೈ ಅಲ್ಲಿಯೇ ನಿಂತಿತು. ಅವರಲ್ಲಿ ಬೀರಣ್ಣನೆಂಬ ಗ್ಯಾಸ್ ಕಟರ್ ಇದ್ದ. ಗ್ರೀಸ್ ಮೆತ್ತಿದ ಕೈಗವಸಿನಲ್ಲೇ ಒಮ್ಮೆ ಸಿಲಿಂಡರ್ ಬಿಚ್ಚಿ, ಭುಗ್ ಎಂದು ಬೆಂಕಿ ಎದ್ದು, ಹುಬ್ಬು ಕೆನ್ನೆ ಸುಟ್ಟುಕೊಂಡಿದ್ದ.

"ಅದು ಕಾರಖಾನಿದು. ಇದು ಔಷಧದ್ದು, ಹೌದಲ್ಲ?"

"ಒಳಗಿನ ಆಕ್ಸಿಜನ್ ಎರಡೂ ಕಡೆ ಒಂದ ರೀ. ಎಣ್ಣಿ ಕೂಡಿದ್ರ ಎಲ್ಲೇ ಇರ್ಲಿ ಬೆಂಕಿ ಹತಗೋತೈತಿ. ನಿಮ್ಮವ್ವ ಅಷ್ಟ ಅಲ್ಲ, ಈ ವಾರ್ಡ್ ಪೂರ್ತಿ ಹೋಗತಿತ್ತು."

ಅಷ್ಟರಲ್ಲಿ ಅವಳು ಸಣ್ಣ ಸಿಲಿಂಡರಿನ ಬಟ್ಟೆ ಎಳೆದು, ಶಿವಬಸವ್ವನ ಮೂಗಿಗೆ ನಳಿಗೆ ಕೂಡಿಸಿದ್ದಳು. ಮುದುಕಿಯ ಏದುಸಿರು ಮೆಲ್ಲಗೆ ಇಳಿಯಿತು.

"ಬಚ್ಚಿಟ್ಟಿದ್ದಿಲ್ಲ ರೀ. ಧೂಳ ಕುಂದರಬಾರದು ಅಂತ ಅರಿವಿ. ದೊಡ್ಡದು ಕೈ ಕೊಟ್ರ ಇರ್ಲಿ ಅಂತ ಸಣ್ಣದು. ಆದ್ರ ಮೀಟರಿನ ಮುಳ್ಳು ನೋಡ್ರಿ, ಕಾಲು ಭಾಗ ಐತಿ. ಎರಡೂವರಿ ತಾಸು ಬಂದೀತು."

ಹೊಸ ಸಿಲಿಂಡರ್ ತರಲು ಆಸ್ಪತ್ರೆಯ ಜೀಪು ಬೆಳಗಾವಿಗೆ ಹೊರಟಿತು. ದುಂಡಪ್ಪನೂ ಹತ್ತಿದ. ಇನ್ನೂ ಅನುಮಾನ ಹೋಗಿರಲಿಲ್ಲ, ಕಣ್ಣಾರೆ ನೋಡಬೇಕಿತ್ತು. ಗ್ಯಾಸ್ ಅಂಗಡಿಯ ಮುದುಕ, "ಕೈ ತೋರಸ್ರಿ," ಎಂದ. ನೋಡಿ, "ಎಣ್ಣಿ ಐತಿ. ಹೋಗಿ ತೊಳಕೊಂಡು ಬರ್ರಿ, ಆಮ್ಯಾಲೆ ಮುಟ್ಟೀರಂತ," ಎಂದು ನಲ್ಲಿ ತೋರಿಸಿದ. ಆ ನಲ್ಲಿಯ ಕೆಳಗೆ ದುಂಡಪ್ಪನ ಅನುಮಾನ ತೊಳೆದು ಹೋಯಿತು, ಭಯ ಹಿಡಿಯಿತು. ವಾಪಸ್ ಬರುವಾಗ ದೇಸೂರಿನ ಗೇಟು ಮುಚ್ಚಿತ್ತು. ರೈಲು ದಾಟುವವರೆಗೆ ಅವನು ಬಾಯೊಳಗೆ ಶಿವಶಿವಾ ಎನ್ನುತ್ತ ಕುಳಿತಿದ್ದ.

ಅವರು ಬಂದಾಗ ಮುಳ್ಳು ಸೊನ್ನೆಯ ಅಂಚಿನಲ್ಲಿತ್ತು. ಕುಮುದಿನಿ ಹೊಸದನ್ನು ಕೂಡಿಸಿದಳು. ಶಿವಬಸವ್ವ ಕಣ್ಣು ತೆರೆದು, "ಎಲ್ಲಿ ಹೋಗಿದ್ದ್ಯೋ? ಹಸಿವಿ ಆಗೇತಿ," ಎಂದಳು. ದುಂಡಪ್ಪ ಗೋಡೆಗೆ ಮುಖ ಮಾಡಿ ಅತ್ತ.

"ತಪ್ಪಾತ್ರಿ ಬಾಯಾರ."

"ನಮ್ಮದೂ ತಪ್ಪೈತಿ. 'ಎಣ್ಣಿ ಹಚ್ಚಬ್ಯಾಡ್ರಿ' ಅಂತ ಅದರ ಮ್ಯಾಲೆ ಇಂಗ್ಲಿಷಿನ್ಯಾಗ ಬರದೈತಿ. ನಾವು ಯಾರಿಗೂ ಕನ್ನಡದಾಗ, ಮರಾಠಿಯಾಗ ಹೇಳಿದ್ದಿಲ್ಲ. ಪೂಜಿ ಬ್ಯಾಡ ಅನ್ನೂದಿಲ್ಲ ರೀ, ಗಾಡಿ ಗಾಲಿಗೆ ಹೂವ ಏರಸ್ರಿ. ಕೀಲಿಗೆ ಮಾತ್ರ ಏನೂ ಮುಟ್ಟಸಬ್ಯಾಡ್ರಿ."

ಎಣ್ಣೆ ತಗುಲಿದ ಸಿಲಿಂಡರಿಗೆ ಚೀಟಿ ಕಟ್ಟಿ, ಕೊಟ್ಟವರಿಗೇ ತಿರುಗಿ ಕಳಿಸಿದರು. ಮುಂದಿನ ತಿಂಗಳು ವೃದ್ಧರ ವಾರ್ಡಿಗೆ ಕಫ ಎಳೆಯುವ ಯಂತ್ರ ಕೊಳ್ಳಲು, ರೋಗಿಗಳ ಕಡೆಯವರನ್ನೂ ಕರೆದು, ಆಸ್ಪತ್ರೆಯ ಕಮಿಟಿ ಕೂಡಿತು. ಹಿಂದೆ ಕುಳಿತಿದ್ದ ದುಂಡಪ್ಪ ಎದ್ದು ನಿಂತ. "ಮಶೀನ್ ತರ್ರಿ, ಬ್ಯಾಡ ಅನ್ನೂದಿಲ್ಲ. ಕೆಟ್ರ ರಿಪೇರಿ ಯಾರು ಮಾಡತಾರ? ನಡಸಾಕ ಸಿಸ್ಟರಗೋಳಿಗೆ ಕಲಸವ್ರು ಯಾರು? ಅದನ್ನ ಮೊದಲ ಕೇಳ್ರಿ." ಕಮಿಟಿಯವರು ಎರಡೂ ಪ್ರಶ್ನೆಗಳನ್ನು ಬರೆದುಕೊಂಡರು. ಅಲ್ಲಿಯವರೆಗೆ ಅವು ಯಾರಿಗೂ ಹೊಳೆದಿರಲಿಲ್ಲ.

ಅಕ್ಕಗಳಿರಾ, ಅಣ್ಣಗಳಿರಾ, ಆಸ್ಪತ್ರೆಯ ಯಂತ್ರದ ಮೇಲೆ ನಿಮಗೆ ಅನುಮಾನ ಬಂದರೆ ಬರಲಿ. ಮನಸ್ಸಿನಲ್ಲೇ ಇಟ್ಟು ಕುದಿಯಬೇಡಿ, ನರ್ಸಮ್ಮನನ್ನು ಬಾಯಿಬಿಟ್ಟು ಕೇಳಿ. ಸಿಲಿಂಡರಿನ ಮುಳ್ಳು ಎಲ್ಲಿದೆ, ಇನ್ನೊಂದು ಸಿದ್ಧವಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಆಕ್ಸಿಜನ್ ಹತ್ತಿರ ಎಣ್ಣೆ, ದೀಪ, ಊದಿನಕಡ್ಡಿ, ಬೀಡಿ ತರಬೇಡಿ. ನಿಮ್ಮ ಮನೆಯ ಹಿರಿಯರ ಉಸಿರು ಶಿವನು ಕೊಟ್ಟದ್ದು. ಅದನ್ನು ಕಾಯುವ ಕೆಲಸ ಮಾತ್ರ ನಿಮ್ಮ ಕೈಯಲ್ಲಿದೆ. ಆ ಕೈಯನ್ನು ಮೊದಲು ತೊಳೆದುಕೊಳ್ಳಿ.