ಟೊಮೇಟೊ ಪಾತಿಯ ಕಾವಲು

ಸೊಂಟದ ಆಪರೇಷನ್‌ಗೆಂದು ಆಸ್ಪತ್ರೆ ಸೇರುವಾಗ ಅತ್ತೆ ಮನೆಯ ಬೀಗದ ಕೈಗಿಂತ ಮೊದಲು ನಾಯಿಯ ಸರಪಳಿಯನ್ನು ಸೊಸೆಯ ಕೈಗಿತ್ತರು. "ಗುಂಡನ್ನ ಹುಷಾರಾಗಿ ನೋಡ್ಕೊಳ್ಳೇ. ಟೊಮೇಟೊ ಗಿಡಕ್ಕೆ ಬಾಯಿ ಹಾಕೀತು. ಅದರ ಎಲೆ ನಾಯಿಗೆ ವಿಷ ಅಂತಾರೆ."

ಸೊಸೆ ಬಟ್ಟೆ ಹೊಲಿಯುವವಳು. ಅಂಚು ಮಡಿಸದೆ ಯಾವ ಕೆಲಸವನ್ನೂ ಬಿಡುವವಳಲ್ಲ. ಈರುಳ್ಳಿಯ ಘಾಟಿಗೆ ನಾಯಿ ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಗಿರಾಕಿ ಹೇಳಿದ್ದೇ ತಡ, ಮೊಳೆತ ಈರುಳ್ಳಿಗಳನ್ನೆಲ್ಲ ತಂದು ಟೊಮೇಟೊ ಪಾತಿಯ ಸುತ್ತ ಒತ್ತಾಗಿ ನೆಟ್ಟಳು. ಪಾತಿಗೂ ಅಂಚು ಕೊಟ್ಟಂತಾಯಿತು.

ಒಂದು ಬೆಳಿಗ್ಗೆ ಅಂಚಿನ ಮಣ್ಣು ಕೆದರಿತ್ತು. ಅವಳು ಓಡಿಹೋಗಿ ನೋಡಿದ್ದು ಟೊಮೇಟೊ ಗಿಡಗಳನ್ನೇ. ಒಂದೆಲೆಯೂ ಹರಿದಿರಲಿಲ್ಲ. ಬದುಕಿದೆ ಎಂದುಕೊಂಡು ಮಷಿನ್ ತುಳಿಯಲು ಕೂತಳು.

ಎರಡು ಮೂರು ದಿನಕ್ಕೆ ಗುಂಡ ಅನ್ನ ಬಿಟ್ಟಿತು. ಬಾಯಿರುಚಿ ಕೆಟ್ಟಿರಬೇಕೆಂದು ಅವಳು ಈರುಳ್ಳಿ ಹುರಿದು ಮಾಂಸದ ಸಾರು ಮಾಡಿಟ್ಟಳು. ಅದು ಬಟ್ಟಲು ನೆಕ್ಕಿತು. "ನೋಡಿದ್ಯಾ, ನನ್ನ ಕೈರುಚಿ!" ಎಂದು ಬೀಗಿದಳು ಪುಣ್ಯಾತ್ಗಿತ್ತಿ.

ಮರುದಿನ ನಾಯಿ ಉಚ್ಚೆ ಹೊಯ್ದ ಜಾಗ ಕಡುಗೆಂಪಾಗಿತ್ತು. ತುಟಿ ಎತ್ತಿದರೆ ಒಸಡಿಗೆ ಕೋರಾ ಬಟ್ಟೆಯ ಬಿಳಿಚಿದ ಬಣ್ಣ. ಇದಕ್ಕೇನಾದರೂ ಆದರೆ ಅತ್ತೆಗೆ ಯಾವ ಮುಖ ತೋರಿಸುವುದು? ಅದಿರಲಿ, ಹೊಲಿಯುವಾಗ ಕಾಲಿಗೆ ಒತ್ತಿ ಮಲಗುತ್ತಿದ್ದ ಜೀವ ಇಲ್ಲದೆ ಆ ಮಷಿನ್ ಮುಂದೆ ಕೂರುವುದಾದರೂ ಹೇಗೆ? ಕೊರಳಿನ ಅಳತೆ ಟೇಪನ್ನೂ ತೆಗೆಯದೆ ನಾಯಿಯನ್ನು ಹೊತ್ತುಕೊಂಡು ಓಡಿದಳು.

"ಏನು ತಿಂತು?" ಪಶುವೈದ್ಯೆ ಕೇಳಿದರು.

"ಟೊಮೇಟೊ ಮುಟ್ಟೇ ಇಲ್ಲ ಡಾಕ್ಟ್ರೇ. ಸುತ್ತ ಈರುಳ್ಳಿ ನೆಟ್ಟಿದ್ದೀನಿ."

ನಾಯಿಯ ಹೊಟ್ಟೆ ಒತ್ತಿ ನೋಡುತ್ತಿದ್ದ ವೈದ್ಯೆಯ ಕೈ ನಿಂತಿತು. "ಟೊಮೇಟೊ ಎಲೆಗೆ ಹೊಟ್ಟೆ ಕೆಡ್ತಿತ್ತೇನೋ. ಈರುಳ್ಳಿ ನಾಯಿ ರಕ್ತಾನೇ ಹಾಳು ಮಾಡುತ್ತಮ್ಮ. ಹಸೀದಾದ್ರೂ ಅಷ್ಟೇ, ಬೇಯ್ಸಿದ್ರೂ ಅಷ್ಟೇ."

ಸಾರಿನ ಬಟ್ಟಲು ಅವಳ ಕಣ್ಣಮುಂದೆ ಬಂತು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಇಲ್ಲಿ ಬೇಲಿ ಹಾಕಿದವಳೇ ಕೂತು ಬಡಿಸಿಯೂ ಇದ್ದಳು.

"ಉಳಿಯುತ್ತಾ?"

"ರಕ್ತ ಕೊಡ್ತೀವಿ. ಈಗ್ಲೇ ಏನೂ ಹೇಳೋಕಾಗಲ್ಲ."

ಅಷ್ಟರಲ್ಲಿ ಅತ್ತೆಯ ಫೋನು. "ನಾಳೆ ಮನೆಗೆ ಕಳಿಸ್ತಾರಂತೆ ಕಣೇ! ಎಲ್ಲಿ, ಗುಂಡನ ದನಿ ಕೇಳಿಸು."

ಅವಳು ಫೋನನ್ನು ನಾಯಿಯ ಕಿವಿಗೆ ಹಿಡಿದಳು. "ಗುಂಡಾ..." ಎಂದರು ಅತ್ತೆ. ಅದು ಕಣ್ಣು ತೆರೆಯಲಿಲ್ಲ. ಬಾಲ ಮಾತ್ರ ಸ್ಟೀಲ್ ಮೇಜಿಗೆ ಒಮ್ಮೆ ಬಡಿಯಿತು.

"ಅದೇನೇ ಸದ್ದು?"

"ಬಾಲ, ಅತ್ತೆ."

"ಯಾಕೆ, ಬೊಗಳ್ತಿಲ್ವಾ? ಹೊಟ್ಟೆಗೆ ಸರಿಯಾಗಿ ಹಾಕ್ತಿದ್ದೀಯಾ ತಾನೇ?"

"ಹಾಕಿದೆ ಅತ್ತೆ. ನನ್ನ ಕೈಯಾರೆ ನಾನೇ ಹಾಕಿದೆ," ಎಂದಳು.