ದಾರವಿಲ್ಲದ ಹೊಲಿಗೆ

ಅತ್ತಿಗೆಯ ಎದೆ ಹೊಲಿಗೆ ಮಿಷನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಅಂಗಿ ಕೊಳ್ಳುವವರೇ ಇಲ್ಲದ ಆ ಕಾರ್ಖಾನೆಗೆ, ಹೊಲಿಯುವವರ ಕೆಲಸ ಉಳಿಯಲಿ ಎಂದು ಸರ್ಕಾರ ದುಡ್ಡು ಸುರಿಯುತ್ತಿತ್ತು. ಇವತ್ತು ಹೊಲಿಗೆ ನಡೆಯುತ್ತಿದೆಯೋ ಇಲ್ಲವೋ ಎಂದು ಸರ್ಕಾರದ ತಪಾಸಣೆ. ದಾರ ಮುಗಿದು ಯಾವ ಕಾಲವಾಯಿತೋ. ಮಾಲೀಕರ ಹುಕುಂ ಪ್ರಕಾರ ಎಲ್ಲರೂ ಖಾಲಿ ಸೂಜಿಯಲ್ಲೇ ಹೊಲಿಯುತ್ತಿದ್ದರು.

"ತಲೆ ಎತ್ತಬೇಡಿ ಅತ್ತಿಗೆ, ತುಳೀತಾ ಇರಿ," ಎಂದಳು ಪಕ್ಕದ ಮಿಷನ್ನಿನ ನಾದಿನಿ.

ತಪಾಸಣೆಯ ಸಾಹೇಬರು ಅತ್ತಿಗೆಯ ಹತ್ತಿರವೇ ನಿಂತು, ಅವಳು ಹೊಲಿದ ಅಂಗಿಯನ್ನು ಎತ್ತಿದರು. ತೋಳು ಕಳಚಿ ಬಿತ್ತು. ಅಂಚಿನಲ್ಲಿ ಬರೀ ಸೂಜಿಯ ತೂತು. ಅವಳು ತುಳಿಯುವುದನ್ನು ನಿಲ್ಲಿಸಿದಳು. ಇಷ್ಟೂ ಜನರ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಅಂದುಕೊಂಡಳು.

ಸಾಹೇಬರು ಬಗ್ಗಿ ತೋಳನ್ನು ಎತ್ತಿ, ಅಂಗಿಗೆ ಜೋಡಿಸಿಟ್ಟರು.

"ನಿಲ್ಲಿಸಬೇಡಿ ತಾಯಿ," ಎಂದು ಪಿಸುಗುಟ್ಟಿದರು. "ಇದು ನಿಂತರೆ, ತಪಾಸಣೆಗೆ ಅಂತ ನನ್ನನ್ನ ಯಾರು ಇಟ್ಕೋತಾರೆ?"