ರಿಕಾರ್ಡೊ ಸೋಟೊನ ದೀಪ

"ಅಳೋದು ಆಮೇಲಿಟ್ಕೊ. ಮೊದ್ಲು ಹೆಸ್ರು ಸರಿಯಾಗಿ ಹೇಳು, ಕತ್ತೆ! ರಿಕಾರ್ಡೊ ಸೋಟೊ. ಇನ್ನೊಂದ್ಸಲ!"

ಮೇಸ್ತ್ರಿ ಬಾಲ್ತಸಾರ್ ಹಲ್ಲು ಕಚ್ಚಿ ಗದರಿದ. ಮಿಕಾಯೇಲಾ ಗೋಡೆಯತ್ತ ನೋಡಿದಳು. ಕೋಳಿ ಮಾಂಸದ ಕಾರ್ಖಾನೆಯ ಗೋಡೆಯುದ್ದಕ್ಕೂ ಗಾಜಿನ ದೀಪಗಳು ಇನ್ನೂ ಹೊತ್ತದೆ ತೂಗುತ್ತಿದ್ದವು. ಅಮೋನಿಯಾ ಸೋರಿ ಸತ್ತವರಿಗೆ ತಲೆಗೊಂದು. ಮೈಕಿನಲ್ಲಿ ಸತ್ತವರ ಹೆಸರು ಕೂಗಿದರೆ ಅವರ ದೀಪ ತಾನಾಗಿಯೇ ಹೊತ್ತಿಕೊಳ್ಳುವಂತೆ ಅಟ್ಲಾಂಟಾದ ಕಲಾವಿದೆ ಮಾಡಿದ್ದಳು.

"ನನ್ ಗಂಡನ ಹೆಸ್ರು ಗಾಸ್ಪಾರ್ ಪೆದ್ರೊ. ಹೋದ್ ಭಾನ್ವಾರ ನಮ್ಮನೇಲಿ ತಮಾಲೆ ತಿಂತಾ ನೀನೇ ಹೇಳ್ಲಿಲ್ವಾ ಅಣ್ಣಾ, ದೀಪಕ್ಕೆ ಅವ್ರ ಸ್ವಂತ ಹೆಸ್ರೇ ಹಾಕಿಸ್ತೀನಿ ಅಂತ?" ಎಂದಳು.

"ಹೇಳ್ದೆ. ಮ್ಯಾನೇಜರ್ ಬೇಡ ಅಂದ. ಸೋಟೊ ಅಂತ ಕೆಲ್ಸಕ್ಕೆ ಸೇರ್ದೋನು, ಸೋಟೊ ಆಗೇ ಸತ್ತ."

"ಆ ಸೋಟೊನ ಕಾಗ್ದ ತಂದ್ಕೊಟ್ಟು ಸೇರಿಸ್ದೋನು ನೀನೇ ಅಲ್ವೇನೋ, ನಾಯಿ?" ಮಿಕಾಯೇಲಾಳ ಪಕ್ಕದಲ್ಲಿ ನಿಂತಿದ್ದ ನಾನು ಎಂದೆ.

ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಗಡಿ ದಾಟಿ ಬಂದು ಇಲ್ಲಿ ನಮ್ಮವರೆಲ್ಲರಂತೆ ಇನ್ನಾರದೋ ಕಾಗದ ತೋರಿಸಿ ಕೋಳಿ ರೆಕ್ಕೆ ಕತ್ತರಿಸುತ್ತೇನೆ. ಅಳೆದು ಮಾತಾಡುವುದು ನನ್ನ ಅಭ್ಯಾಸ. ಅವತ್ತು ತಪ್ಪಿತು.

ಬಾಲ್ತಸಾರ್ ನಕ್ಕ. "ಮೇಷ್ಟ್ರಮ್ಮಾ, ಇಲ್ಲಿ ನಿಮ್ ಹೆಸ್ರೂ ನಿಮ್ದಲ್ಲ. ಮೆಲ್ಲಗೆ."

ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದೆ. ಪೊಲೀಸಿನವನು ಕಾಫಿ ಹೀರುತ್ತಿದ್ದ.

"ಆ ಸೋಟೊ ಟೆಕ್ಸಸ್‌ನಲ್ಲಿ ಬದ್ಕಿದಾನೆ," ಎಂದಳು ಮಿಕಾಯೇಲಾ. "ಬದ್ಕಿರೋನ ಹೆಸ್ರಲ್ಲಿ ಸತ್ತೋರ ದೀಪ ಹಚ್ಚಿದ್ರೆ ಅವ್ನು ಉಳೀತಾನಾ? ಸತ್ತ ನಮ್ಮೋರಿಗೆ ಮನೆ ದಾರಿ ಕಾಣುತ್ತಾ?"

"ಆ ನಂಬ್ಕೆ ಎಲ್ಲ ನಮ್ ಬೆಟ್ಟದೂರಿಗೆ. ನಿನ್ ಮಗಳಿಗೆ ಧರ್ಮತಂದೆ ನಾನು, ಕೆಟ್ಟದ್ದು ಹೇಳ್ತೀನಾ?"

ಸಮಾರಂಭ ಶುರುವಾಯಿತು. ಮ್ಯಾನೇಜರ್ ಎದೆಯ ಮೇಲೆ ಕೈಯಿಟ್ಟು "ನಮ್ಮ ಕುಟುಂಬ" ಎಂದ. ನಮ್ಮವರು ಒಬ್ಬೊಬ್ಬರಾಗಿ ಹೋಗಿ, ಯಾರ್ಯಾರದೋ ಹೆಸರು ಕೂಗಿ, ತಂತಮ್ಮ ಸತ್ತವರ ದೀಪ ಹೊತ್ತಿಸಿ ಬಂದರು. ಪ್ರತಿಯೊಂದಕ್ಕೂ ಚಪ್ಪಾಳೆ.

"ಮಿಸೆಸ್ ಸೋಟೊ."

ಮಿಕಾಯೇಲಾ ಮೈಕಿನ ಮುಂದೆ ನಿಂತಳು.

"ಗಾಸ್ಪಾರ್ ಪೆದ್ರೊ!"

ದೀಪ ಹೊತ್ತಲಿಲ್ಲ. ಮತ್ತೆ ಕೂಗಿದಳು. ಕಲಾವಿದೆ ಗಾಬರಿಯಿಂದ ಯಂತ್ರದತ್ತ ಓಡಿದಳು. ಮ್ಯಾನೇಜರ್ ತನ್ನತ್ತ ಕಣ್ಣು ತಿರುಗಿಸಿದ್ದೇ ತಡ, ಬಾಲ್ತಸಾರ್ ವೇದಿಕೆ ಹತ್ತಿ ಅವಳನ್ನು ಮೊಣಕೈಯಿಂದ ನೂಕಿ ತಾನೇ ಮೈಕಿಗೆ ಬಾಯಿಟ್ಟ.

"ರಿಕಾರ್ಡೊ ಸೋಟೊ."

ದೀಪ ನೀಲಿಯಾಗಿ ಅರಳಿತು. ಎಷ್ಟು ಚೆಂದವಾಗಿತ್ತೆಂದರೆ ಜನ ಅಳುತ್ತ ಚಪ್ಪಾಳೆ ತಟ್ಟಿದರು.

ಮಿಕಾಯೇಲಾ ಬಗ್ಗಿ ಕಾಲಿನ ಬೂಟು ಕಿತ್ತಳು. ದೀಪಕ್ಕೆ ಬೀಸಿ ಎಸೆದಳು. ಗಾಜು ಮ್ಯಾನೇಜರನ ಹೆಗಲ ಮೇಲೆ ಸುರಿಯಿತು.

"ಥೂ, ಇವ್ರವ್ವನ್!" ಎಂದಳು. "ಗಾಸ್ಪಾರ್ ಪೆದ್ರೊ ಅವ್ನು! ಗಾಸ್ಪಾರ್ ಪೆದ್ರೊ!"

ಪೊಲೀಸಿನವನು ಕಾಫಿ ಲೋಟ ಕೆಳಗಿಟ್ಟ. ಚಪ್ಪಾಳೆ ನಿಂತಿತ್ತು. ನನ್ನ ಪಕ್ಕದಲ್ಲಿದ್ದ ಎವುಲಾಲಿಯಾ, ಆಗತಾನೇ ಮಗನ ದೀಪವನ್ನು ಇನ್ನಾರದೋ ಹೆಸರಿನಲ್ಲಿ ಹೊತ್ತಿಸಿ ಬಂದವಳು, ಕುಕ್ಕರುಗಾಲಿನಲ್ಲಿ ಕೂತು ತನ್ನ ಬೂಟಿನ ದಾರ ಬಿಚ್ಚತೊಡಗಿದಳು.